ಮನೆಯ ಹಿತ್ತಲಲ್ಲಿ ಹಲಸು: ಪದೇ ಪದೇ ಕೇಳುವ ಪ್ರಶ್ನೆಗಳು

ಹಲಸಿನ ಗಿಡ ಹಾಕಿದವರು ಸಾಮಾನ್ಯವಾಗಿ ಎರಡು ಸಲ ಗಾಬರಿಯಾಗುತ್ತಾರೆ. ಒಂದು, ನೆಟ್ಟ ವರ್ಷವೇ ಮಳೆಗಾಲದಲ್ಲಿ ಎಲೆ ಹಳದಿಯಾದಾಗ. ಇನ್ನೊಂದು, ವರ್ಷಗಟ್ಟಲೆ ಕಾದ ಮೇಲೆ ಬಿಟ್ಟ ಮಿಡಿಗಳೆಲ್ಲ ಕಪ್ಪಾಗಿ ಉದುರಿದಾಗ. ಮೊದಲನೆಯದಕ್ಕೆ ಗಾಬರಿಯಾಗಲೇಬೇಕು. ಎರಡನೆಯದಕ್ಕೆ ಬಹುಪಾಲು ಸಲ ಬೇಕಿಲ್ಲ. ಹಲಸು ಮುದ್ದು ಮಾಡಿಸಿಕೊಳ್ಳುವ ಮರ ಅಲ್ಲ. ಜಾಸ್ತಿ ನೀರು, ಜಾಸ್ತಿ ಗೊಬ್ಬರ ಕೊಟ್ಟೇ ನಾವು ಅದನ್ನು ಕೆಡಿಸುವುದು.

ಇಲ್ಲಿನ ಉತ್ತರಗಳು ಹೆಚ್ಚಾಗಿ ಬೆಂಗಳೂರು, ತುಮಕೂರು, ಮೈಸೂರು ಕಡೆಯ ಮನೆಗಳಿಗೆ ಹೊಂದುವಂಥವು. ಮಲೆನಾಡು, ಕರಾವಳಿಯಲ್ಲಿ ಲೆಕ್ಕ ಬೇರೆಯಾಗುವ ಕಡೆ ಅದನ್ನು ಹೇಳಿದ್ದೇನೆ.

30×40 ಸೈಟಿನಲ್ಲಿ ಹಲಸು ಹಾಕಬಹುದಾ?

ನೆಲದಲ್ಲಿ ಬೇಡ. ಮನೆ ಕಟ್ಟಿದ ಮೇಲೆ ಅಲ್ಲಿ ಉಳಿಯುವುದು ಮೂರ್ನಾಲ್ಕು ಅಡಿಯ ಪಟ್ಟಿ. ಅದರಲ್ಲೇ ಸಂಪು, ಅದರಲ್ಲೇ ಡ್ರೈನೇಜ್ ಪೈಪು. ಹಲಸು ಸುಮ್ನೆ ಬಿಟ್ಟರೆ 40-50 ಅಡಿ ಹೋಗುವ ಮರ. ಬೇರು ಪಾಯಕ್ಕೆ ಬರುವ ಮೊದಲೇ ಪಕ್ಕದ ಮನೆಯವರ ಜೊತೆ ಜಗಳ ಬರುತ್ತದೆ: ಎಲೆ ಅವರ ಅಂಗಳಕ್ಕೆ, ಹಣ್ಣು ಅವರ ಕಾರಿನ ಮೇಲೆ.

ಗೋಡೆ, ಕಾಂಪೌಂಡು, ಸಂಪಿನಿಂದ 15 ಅಡಿಯಾದರೂ ದೂರ ಇರಬೇಕು. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳಬೇಕು. ಪಕ್ಕದಲ್ಲಿ ಸ್ವಂತ ಖಾಲಿ ಜಾಗ ಇದ್ದರೆ, ಅಥವಾ ಊರಿನ ಮನೆಗೆ ಹಿತ್ತಲು ಇದ್ದರೆ ಧೈರ್ಯವಾಗಿ ಹಾಕಿ. ತೋಟದಲ್ಲಿ ಸಾಲಾಗಿ ಹಾಕುವವರು ಮರದಿಂದ ಮರಕ್ಕೆ 25-30 ಅಡಿ ಬಿಡುತ್ತಾರೆ. ಒಂದೇ ಮರ ಹಾಕುವವರಿಗೂ ಆ ಅಂದಾಜು ತಲೆಯಲ್ಲಿದ್ದರೆ ಒಳ್ಳೆಯದು.

ಟೆರೇಸಿನ ಮೇಲೆ ಡ್ರಮ್ಮಿನಲ್ಲಿ ಬೆಳೆಯಬಹುದು ಅಂತಾರಲ್ಲ?

ಬೆಳೆಯಬಹುದು, ಆದರೆ ಆಸೆ ಸ್ವಲ್ಪ ಕಡಿಮೆ ಇಟ್ಟುಕೊಳ್ಳಿ. ಬೇಗ ಕಾಯಿ ಬಿಡುವ ತಳಿಯ ಕಸಿ ಗಿಡವೇ ಆಗಬೇಕು. ಬೀಜದ ಗಿಡಕ್ಕೆ ಡ್ರಮ್ ಜೈಲೇ ಸರಿ. 200 ಲೀಟರಿನ ಡ್ರಮ್ಮನ್ನು ಅರ್ಧಕ್ಕೆ ಕತ್ತರಿಸಬೇಡಿ, ಮುಕ್ಕಾಲು ಭಾಗವಾದರೂ ಇರಲಿ. ತಳದಲ್ಲಿ ಬೆರಳು ಗಾತ್ರದ ಎಂಟು-ಹತ್ತು ತೂತು, ಕೆಳಗೆ ಇಟ್ಟಿಗೆ ಕೊಟ್ಟು ಎತ್ತರಿಸಿದರೆ ನೀರು ಸಲೀಸಾಗಿ ಇಳಿಯುತ್ತದೆ. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ದಪ್ಪ ಮರಳು ಬೆರೆಸಿ ತುಂಬಿ.

ಒದ್ದೆ ಮಣ್ಣು ತುಂಬಿದ ಅಂಥ ಡ್ರಮ್ಮು ಇನ್ನೂರು ಕಿಲೋ ದಾಟುತ್ತದೆ. ಹಾಗಾಗಿ ಸ್ಲ್ಯಾಬಿನ ನಡುವೆ ಇಡಬೇಡಿ. ತೊಲೆ ಅಥವಾ ಕಂಬದ ಮೇಲೆ ಬರುವ ಜಾಗ ಹುಡುಕಿ. ಇಷ್ಟೆಲ್ಲ ಮಾಡಿದರೂ ವರ್ಷಕ್ಕೆ ಎರಡು-ಮೂರು ಸಣ್ಣ ಹಣ್ಣು ಸಿಕ್ಕರೆ ಖುಷಿಪಡಿ. ಹಣ್ಣೇ ಮುಖ್ಯ ಅನ್ನುವವರು ಟೆರೇಸಿಗೆ ಸೀಬೆ ಹಾಕಿಕೊಳ್ಳುವುದು ಮೇಲು ಅಂತ ನನ್ನ ಅಭಿಪ್ರಾಯ.

ತಿಂದ ಹಣ್ಣು ಬಹಳ ರುಚಿಯಾಗಿತ್ತು. ಅದರ ಬೀಜ ಹಾಕಿದರೆ ಅದೇ ರುಚಿ ಬರುತ್ತದಾ?

ಬರುತ್ತದೆ ಅಂತ ಹೇಳಲಾಗುವುದಿಲ್ಲ. ಹಲಸಿನಲ್ಲಿ ಒಂದು ಮರದ ಪರಾಗ ಇನ್ನೊಂದಕ್ಕೆ ಹೋಗಿ ಕಾಯಿ ಕಟ್ಟುವುದು ಮಾಮೂಲು. ತಾಯಿ ಮರ ಬಕ್ಕೆಯಾಗಿದ್ದರೂ ಮರಿ ಅಂಬಲಿ ಆಗಬಹುದು. (ಬಕ್ಕೆ ಅಂದರೆ ಗಟ್ಟಿ ತೊಳೆಯದು. ಅಂಬಲಿ ಅಂದರೆ ಬಾಯಲ್ಲಿ ಕರಗುವ ಮೆತ್ತನೆಯದು, ಕರಾವಳಿಯವರ ತುಳುವ.) ಒಂದೇ ಹಣ್ಣಿನ ಬೀಜಗಳಿಂದ ಬಂದ ಹತ್ತು ಗಿಡ ಹತ್ತು ಥರ ಇರಬಹುದು. ನಮ್ಮ ಕಡೆ ಊರಿಗೊಂದು ರುಚಿಯ ಹಲಸು ಇರುವುದಕ್ಕೂ ಇದೇ ಕಾರಣ.

ಕಾಯುವ ಲೆಕ್ಕವೂ ಇದೆ. ಬೀಜದ ಗಿಡ ಫಲಕ್ಕೆ ಬರಲು ಏಳೆಂಟು ವರ್ಷ, ಕೆಲವು ಅದಕ್ಕೂ ಜಾಸ್ತಿ. ಕಸಿ ಗಿಡ ಮೂರ್ನಾಲ್ಕು ವರ್ಷಕ್ಕೆ ಬರುತ್ತದೆ. ಅಷ್ಟು ವರ್ಷ ಕಾದು ಸಪ್ಪೆ ಹಣ್ಣು ತಿನ್ನುವ ಬದಲು ಕಸಿಯನ್ನೇ ತನ್ನಿ. ಜಾಗ ಧಾರಾಳವಾಗಿದ್ದು ಅದೃಷ್ಟ ನೋಡುವ ಮನಸ್ಸಿದ್ದರೆ ಬೀಜ ಹಾಕಿ. ಎಲ್ಲ ಒಳ್ಳೆಯ ತಳಿಯೂ ಹುಟ್ಟಿದ್ದು ಹಾಗೇ ಅಲ್ವಾ?

ಬೀಜ ಹಾಕುವುದೇ ಆದರೆ ಹೇಗೆ?

ತಿಂದ ವಾರದೊಳಗೆ ಹಾಕಿ. ಒಣಗಿಸಿ ಡಬ್ಬಿಯಲ್ಲಿಟ್ಟ ಹಲಸಿನ ಬೀಜ ಸಾರಿಗೆ ಆಗುತ್ತದೆ, ಗಿಡಕ್ಕೆ ಆಗುವುದಿಲ್ಲ. ತಿಂಗಳು ಕಳೆದರೆ ಮೊಳೆಯುವ ಶಕ್ತಿಯೇ ಹೋಗಿರುತ್ತದೆ. ಮೇಲಿನ ಲೋಳೆ ತೊಳೆದು, ಒಂದು ದಿನ ನೀರಲ್ಲಿ ನೆನೆಸಿ, ಒಂದಿಂಚು ಆಳಕ್ಕೆ ಅಡ್ಡವಾಗಿ ಮಲಗಿಸಿ. ಮೂರರಿಂದ ಆರು ವಾರದಲ್ಲಿ ಮೊಳಕೆ ಬರುತ್ತದೆ. ತಾಯಿಬೇರು ನೇರ ಕೆಳಗೆ ಇಳಿಯುತ್ತದೆ, ಮುರಿದರೆ ಗಿಡ ಸೊರಗುತ್ತದೆ. ಆದ್ದರಿಂದ ಮರ ಎಲ್ಲಿ ಬೇಕೋ ಅಲ್ಲೇ ಬೀಜ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು.

ಯಾವ ತಳಿ ತರಲಿ?

ನಾಲ್ಕು ಜನರ ಮನೆಗೆ ನನ್ನ ಮೊದಲ ಆಯ್ಕೆ ಸಿದ್ದು. ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನ ಚೇಳೂರಿನ ಒಬ್ಬ ರೈತರ ಜಮೀನಿನಲ್ಲಿದ್ದ ಮರ ಅದು. ರೈತರ ತಂದೆಯ ಹೆಸರನ್ನೇ ತಳಿಗೂ ಇಟ್ಟಿದ್ದಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಆ ರೈತರೊಂದಿಗೆ ಒಪ್ಪಂದ ಮಾಡಿಕೊಂಡು ಕಸಿ ಗಿಡ ಮಾಡಲು ಶುರು ಮಾಡಿತು. ತೊಳೆ ತಾಮ್ರದ ಬಣ್ಣದ ಕೆಂಪು, ಸಿಹಿ ಚೆನ್ನಾಗಿದೆ. ಎಲ್ಲಕ್ಕಿಂತ ಮುಖ್ಯ, ಹಣ್ಣು ಎರಡೂವರೆ-ಮೂರು ಕಿಲೋ ಅಷ್ಟೇ ತೂಗುತ್ತದೆ. ಒಂದೇ ಸಲ ಕೊಯ್ದು ಮುಗಿಸಬಹುದು. ಇಪ್ಪತ್ತು ಕಿಲೋದ ಹಣ್ಣು ಕೆಡವಿ ಬೀದಿಗೆಲ್ಲ ಹಂಚುವ ಕಾಲ ಪಟ್ಟಣದಲ್ಲಿ ಹೋಯಿತು.

ತುಮಕೂರು ಜಿಲ್ಲೆಯದೇ ಇನ್ನೊಂದು ಕೆಂಪು ತಳಿ ಶಂಕರ. ಅದೂ ಚೆನ್ನಾಗಿದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ತೂಬಗೆರೆ ಹಲಸಿಗೆ, ಚಿಕ್ಕಮಗಳೂರು ಜಿಲ್ಲೆಯ ಸಖರಾಯಪಟ್ಟಣದ ಹಲಸಿಗೆ ಮೊದಲಿನಿಂದಲೂ ಹೆಸರಿದೆ. ಈ ಎರಡು ಊರಿನ ಹೆಸರಲ್ಲಿ ಒಂದೇ ತಳಿ ಅಂತ ಇಲ್ಲ, ಬಹಳ ಮರಗಳಿವೆ. ಯಾವ ಮರದ ಕಸಿ ಅನ್ನುವುದನ್ನು ಕೇಳಿಯೇ ತನ್ನಿ.

ಕರಾವಳಿ, ಮಲೆನಾಡಿನವರಿಗೆ ಬೇರೆ ಲೆಕ್ಕ. ಹಪ್ಪಳ, ಚಿಪ್ಸ್, ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ತೊಳೆ) ಹಾಕುವ ಮನೆಗೆ ದಪ್ಪ ತೊಳೆಯ ಬಕ್ಕೆ ಬೇಕು. ಕಡುಬು, ಗೆಣಸಲೆ, ಮುಳ್ಕಕ್ಕೆ ರಸ ಇರುವ ತುಳುವ ಆದೀತು. ಮೊದಲು ಅಡುಗೆಮನೆಯವರನ್ನು ಕೇಳಿ, ಆಮೇಲೆ ನರ್ಸರಿಗೆ ಹೋಗಿ.

ನರ್ಸರಿಯಲ್ಲಿ ಕಸಿ ಅಂತ ಕೊಟ್ಟಿದ್ದು ನಿಜವಾಗಿ ಕಸಿಯೇ ಅಂತ ಹೇಗೆ ಗೊತ್ತಾಗುತ್ತದೆ?

ಬುಡದಿಂದ ಮೇಲಕ್ಕೆ ಬೆರಳು ಆಡಿಸಿ ನೋಡಿ. ಅರ್ಧ ಅಡಿ ಆಸುಪಾಸಿನಲ್ಲಿ ಬೆಣೆಯಾಕಾರದ ಗಾಯದ ಗುರುತು, ಸಣ್ಣ ಗಂಟು, ಕೆಲವೊಮ್ಮೆ ಪ್ಲಾಸ್ಟಿಕ್ ಪಟ್ಟಿ ಇರಬೇಕು. ಗಂಟಿನ ಕೆಳಗೂ ಮೇಲೂ ತೊಗಟೆಯ ಬಣ್ಣ ಸ್ವಲ್ಪ ಬೇರೆ ಇರುತ್ತದೆ.

ಇನ್ನೊಂದು ಸುಳಿವು ಎಲೆಯಲ್ಲಿದೆ. ಬೀಜದ ಎಳೆ ಗಿಡದ ಎಲೆಗಳಲ್ಲಿ ಅಂಚು ಸೀಳಿದ ಹಾಗೆ ಕವಲು ಇರುವುದು ಸಾಮಾನ್ಯ. ಬಲಿತ ಮರದ ಕಡ್ಡಿಯಿಂದ ಮಾಡಿದ ಕಸಿಯಲ್ಲಿ ಎಲೆ ಹೆಚ್ಚಾಗಿ ಅಖಂಡ, ಮೊಟ್ಟೆಯಾಕಾರ. ಇದೊಂದನ್ನೇ ನಂಬಬೇಡಿ, ಗಂಟನ್ನೂ ನೋಡಿ. ಆದರೆ ನೆಟ್ಟ ಮೇಲೆ ಈ ಸುಳಿವು ಬಹಳ ಉಪಯೋಗಕ್ಕೆ ಬರುತ್ತದೆ. ಗಂಟಿನ ಕೆಳಗಿಂದ ಸೀಳೆಲೆಯ ಚಿಗುರು ಬಂದರೆ ಅದು ಕಾಡು ಬುಡದ್ದು, ಕಂಡ ತಕ್ಷಣ ಚಿವುಟಿ. ಬಿಟ್ಟರೆ ಅದೇ ಮೇಲೆದ್ದು ಕಸಿಯನ್ನು ನುಂಗುತ್ತದೆ. "ಸಿದ್ದು ಅಂತ ತಂದೆ, ಬೇರೇನೋ ಬಿಟ್ಟಿತು" ಅನ್ನುವ ದೂರುಗಳಲ್ಲಿ ಎಷ್ಟೋ ಇದೇ ಕಥೆ.

ಹೆಸರಘಟ್ಟದ ಸಂಸ್ಥೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ (ಜಿಕೆವಿಕೆ), ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ವಿಚಾರಿಸಿ. ರಸ್ತೆ ಬದಿಯ ಗಾಡಿಯಲ್ಲಿ "ವರ್ಷಕ್ಕೆ ಹಣ್ಣು" ಅಂತ ಫೋಟೋ ತೋರಿಸಿ ಮಾರುವ ಗಿಡಕ್ಕೆ ಕೈ ಹಾಕದಿರುವುದು ವಾಸಿ.

ಯಾವಾಗ, ಹೇಗೆ ನೆಡಬೇಕು?

ಜೂನ್-ಜುಲೈ ಒಳ್ಳೆಯದು. ಮಳೆ ಬಹಳ ಜಾಸ್ತಿ ಬೀಳುವ ಮಲೆನಾಡು, ಕರಾವಳಿಯಲ್ಲಿ ಜಡಿಮಳೆ ಕಳೆದು ಆಗಸ್ಟ್ ಕೊನೆಗೆ ಅಥವಾ ಸೆಪ್ಟೆಂಬರಿನಲ್ಲಿ ನೆಟ್ಟರೆ ಗಿಡ ಕೊಳೆಯುವ ಭಯ ಕಡಿಮೆ.

ಎರಡರಿಂದ ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಗಿಡ ತರುವ ಮೊದಲು ಆ ಗುಂಡಿಗೆ ಸಂಜೆ ಎರಡು-ಮೂರು ಬಿಂದಿಗೆ ನೀರು ಸುರಿದು ಮಲಗಿ. ಬೆಳಿಗ್ಗೆ ಎದ್ದಾಗ ನೀರು ಇಳಿದಿದ್ದರೆ ಜಾಗ ಸರಿ. ನಿಂತಿದ್ದರೆ ಅಲ್ಲಿ ಗುಂಡಿಯಲ್ಲಿ ನೆಡಬೇಡಿ. ಒಂದೂವರೆ-ಎರಡು ಅಡಿ ಎತ್ತರ, ನಾಲ್ಕೈದು ಅಡಿ ಅಗಲದ ದಿಬ್ಬ ಮಾಡಿ ಅದರ ಮೇಲೆ ನೆಡಿ. ಈ ಪುಟದಲ್ಲಿ ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ.

ಮೇಲ್ಮಣ್ಣಿಗೆ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ ಬೆರೆಸಿ ತುಂಬಿ. ಚೀಲವನ್ನು ಬ್ಲೇಡಿನಿಂದ ಸೀಳಿ ತೆಗೆಯಿರಿ, ಗಿಡ ಹಿಡಿದು ಎಳೆಯಬೇಡಿ. ಬೇರಿನ ಹೆಂಟೆ ಒಡೆಯಬಾರದು. ಕಸಿಗಂಟು ನೆಲದಿಂದ ಮೇಲೆ ಇರಲಿ. ಕಸಿಯ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ ಹಾಕಿ, ಇಲ್ಲದಿದ್ದರೆ ಕಾಂಡ ದಪ್ಪಗಾಗುತ್ತಾ ಅದೇ ಕುತ್ತಿಗೆ ಹಿಸುಕುತ್ತದೆ. ಊರೆಗೋಲು ಕೊಟ್ಟು ಸಡಿಲವಾಗಿ ಕಟ್ಟಿ. ಮೊದಲ ಬೇಸಿಗೆಗೆ ಪಶ್ಚಿಮದ ಕಡೆ ತೆಂಗಿನ ಗರಿಯ ನೆರಳು ಸಾಕು.

ನೀರು ಎಷ್ಟು?

ಮೊದಲ ಎರಡು-ಮೂರು ಬೇಸಿಗೆ ವಾರಕ್ಕೊಮ್ಮೆ ಎರಡು ಬಿಂದಿಗೆ. ಮರಳು ಮಣ್ಣಾದರೆ ವಾರಕ್ಕೆ ಎರಡು ಸಲ. ಬುಡಕ್ಕೆ ತಾಗದಂತೆ ತರಗೆಲೆ ಹೊದಿಸಿ. ದಿನಾ ಪೈಪ್ ಹಿಡಿದು ಬುಡ ಒದ್ದೆ ಮಾಡುವ ಅಭ್ಯಾಸ ಬೇಡ. ಬೇರು ಇಳಿದ ಮೇಲೆ ಮರ ತನ್ನಷ್ಟಕ್ಕೆ ಬದುಕುತ್ತದೆ. ಕಾಯಿ ಕಚ್ಚಿದ ಮೇಲೆ, ಜನವರಿಯಿಂದ ಏಪ್ರಿಲ್‌ವರೆಗೆ, ಹತ್ತು-ಹದಿನೈದು ದಿನಕ್ಕೊಮ್ಮೆ ಚೆನ್ನಾಗಿ ಕೊಟ್ಟರೆ ಹಣ್ಣು ತುಂಬಿಕೊಳ್ಳುತ್ತದೆ.

ಮಳೆಗಾಲದಲ್ಲಿ ಎಲೆ ಹಳದಿಯಾಗಿ ಉದುರುತ್ತಿದೆ. ಗೊಬ್ಬರ ಕಡಿಮೆಯಾಯಿತಾ?

ಗೊಬ್ಬರ ಮುಟ್ಟಬೇಡಿ. ಮೊದಲು ಬುಡದಲ್ಲಿ ಬೆರಳಿಟ್ಟು ನೋಡಿ. ಮಣ್ಣು ಕೆಸರಾಗಿದ್ದು ಹುಳಿ ವಾಸನೆ ಬಂದರೆ ಬೇರು ಉಸಿರುಗಟ್ಟಿದೆ. ಹಲಸಿನ ಬೇರು ಕೆಲವೇ ದಿನ ನೀರಲ್ಲಿ ನಿಂತರೂ ಸಾಯುತ್ತದೆ. ನಿಂತ ನೀರನ್ನು ಅದು ತಡೆದುಕೊಳ್ಳುವುದಿಲ್ಲ ಅಂತ ತೋಟದವರಿಗೆ ಗೊತ್ತು, ಸೈಟಿನವರಿಗೆ ಗೊತ್ತಿರುವುದಿಲ್ಲ. ಪಾತಿ ಒಡೆದು ನೀರು ಹೊರಗೆ ಹೋಗಲು ಕಾಲುವೆ ಬಿಡಿ. ಹೊದಿಸಿದ ತರಗೆಲೆ ಸರಿಸಿ. ಬುಡಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಕಲಸಿ ಸುರಿಯಬಹುದು. ಚಿಗುರು ಜೋತುಬಿದ್ದು ಕಾಂಡ ಮೆತ್ತಗಾಗಿದ್ದರೆ ಆ ಗಿಡ ಉಳಿಯುವುದು ಕಷ್ಟ. ಅದೇ ಗುಂಡಿಯಲ್ಲಿ ಇನ್ನೊಂದು ನೆಡಬೇಡಿ.

ಒಂದೆರಡು ಹಳೆಯ ಎಲೆ ಹಳದಿಯಾಗಿ ಬಿದ್ದರೆ ಏನೂ ಇಲ್ಲ. ಎಲೆ ಬಿದ್ದೇ ಬೀಳುತ್ತದೆ.

ಗೊಬ್ಬರ?

ಎಳೆ ಗಿಡಕ್ಕೆ ವರ್ಷಕ್ಕೆ ಹತ್ತು ಕಿಲೋ ಕೊಟ್ಟಿಗೆ ಗೊಬ್ಬರ, ಫಲಕ್ಕೆ ಬಂದ ಮರಕ್ಕೆ 40-50 ಕಿಲೋ. ಮುಂಗಾರಿನ ಶುರುವಿನಲ್ಲಿ ಅರ್ಧ, ಸೆಪ್ಟೆಂಬರ್ ಹೊತ್ತಿಗೆ ಅರ್ಧ. ಕೊಂಬೆಗಳ ನೆರಳು ಬೀಳುವ ಅಂಚಿನಲ್ಲಿ ಸುತ್ತ ಸಣ್ಣ ಕಾಲುವೆ ತೆಗೆದು ಹಾಕಿ ಮುಚ್ಚಿ, ಬುಡದಲ್ಲಿ ಗುಡ್ಡೆ ಹಾಕಬೇಡಿ. ಅಡುಗೆಮನೆ ಕಸದ ಕಾಂಪೋಸ್ಟ್ ಆಗುತ್ತದೆ. ಯೂರಿಯಾ ಸುರಿದರೆ ಎಲೆ ದಟ್ಟವಾಗುತ್ತದೆ, ಕಾಯಿ ಹಿಂದೆ ಬೀಳುತ್ತದೆ.

ಮರ ಗಿಡ್ಡವಾಗಿ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಲೇಬೇಕು. ಮನೆಯ ಹತ್ತಿರದ ಮರಕ್ಕೆ ಬಹಳ ಜನ ತಪ್ಪಿಸುವ ಕೆಲಸ ಇದೇ. ಹಲಸು ಕಾಂಡದ ಮೇಲೆ, ದಪ್ಪ ಕೊಂಬೆಯ ಮೇಲೆ ಕಾಯಿ ಬಿಡುವ ಮರ. ತುದಿಯ ಎತ್ತರದಿಂದ ನಮಗೆ ಸಿಗುವುದು ನೆರಳು ಮಾತ್ರ.

ಗಿಡ ನಾಲ್ಕೈದು ಅಡಿ ಆದಾಗ ತುದಿ ಚಿವುಟಿ. ಸುತ್ತ ಮೂರು-ನಾಲ್ಕು ಕೊಂಬೆಗಳನ್ನು ಬೇರೆ ಬೇರೆ ದಿಕ್ಕಿಗೆ ಬಿಟ್ಟು ಉಳಿದದ್ದು ತೆಗೆಯಿರಿ. ಆಮೇಲೆ ಪ್ರತಿ ವರ್ಷ ಹಣ್ಣು ಮುಗಿದ ಮೇಲೆ, ಮಳೆ ಬಿಡುವು ಕೊಟ್ಟ ದಿನ, ನೇರ ಮೇಲೆದ್ದ ಕೊಂಬೆಗಳನ್ನು 10-12 ಅಡಿಗೆ ಇಳಿಸಿ. ಒಳಗೆ ಒಂದಕ್ಕೊಂದು ತಿಕ್ಕುವ ರೆಂಬೆ ತೆಗೆದು ಕಾಂಡದ ಮೇಲೆ ಬೆಳಕು ಬೀಳುವಂತೆ ಮಾಡಿ. ಕಡಿದ ಕಡೆ ಬೋರ್ಡೋ ಮುಲಾಮು (ಮೈಲುತುತ್ತು, ಸುಣ್ಣದ ಲೇಪ) ಹಚ್ಚಿ.

ವರ್ಷಾವರ್ಷ ಸ್ವಲ್ಪ ಸ್ವಲ್ಪ ಕಡಿದರೆ ಮರಕ್ಕೆ ಗೊತ್ತೇ ಆಗುವುದಿಲ್ಲ. ಹತ್ತು ವರ್ಷ ಬಿಟ್ಟು ಒಂದೇ ಸಲ ತಲೆ ಹಾರಿಸಿದರೆ ಎರಡು ವರ್ಷ ಕಾಯಿಯ ಮಾತೇ ಇಲ್ಲ. ಕಾಯಿ ಕೊಯ್ದ ಮೇಲೆ ಕಾಂಡದಲ್ಲಿ ಉಳಿಯುವ ಒಣ ತೊಟ್ಟನ್ನು ಸಣ್ಣ ಮೋಟು ಬಿಟ್ಟು ಕತ್ತರಿಸಿ. ತೊಗಟೆ ಕೆತ್ತಬೇಡಿ, ಮುಂದಿನ ವರ್ಷದ ಹೂ ಅಲ್ಲಿಂದಲೇ ಬರಬೇಕು.

ಎಂಟು ವರ್ಷ ಆಯಿತು, ಒಂದು ಕಾಯಿಯೂ ಇಲ್ಲ. ಮೊಳೆ ಹೊಡೆದರೆ ಬಿಡುತ್ತದಾ?

ಬೀಜದ ಗಿಡವಾದರೆ ಇನ್ನೂ ಕಾಯಿರಿ, ಎಂಟು ವರ್ಷ ದೊಡ್ಡ ವಯಸ್ಸಲ್ಲ. ಕಸಿಯಾದರೆ ಮೂರು ವಿಷಯ ನೋಡಿ. ಬುಡದ ಕಾಡು ಚಿಗುರೇ ಮರವಾಗಿದೆಯಾ? ಪಕ್ಕದ ಕಟ್ಟಡದ ನೆರಳು ಬಿದ್ದಿದೆಯಾ? ಪಕ್ಕದಲ್ಲೇ ಬಚ್ಚಲ ನೀರು ವರ್ಷಪೂರ್ತಿ ಹರಿಯುತ್ತಿದೆಯಾ? ಸದಾ ನೀರು, ಸಾರ ಸಿಕ್ಕ ಮರಕ್ಕೆ ಬೆಳೆಯುವುದರಲ್ಲೇ ಖುಷಿ. ಅಕ್ಟೋಬರ್-ನವೆಂಬರಿನಲ್ಲಿ ನೀರು ನಿಲ್ಲಿಸಿ, ದಟ್ಟ ಕೊಂಬೆ ತೆರವು ಮಾಡಿ.

ಮೊಳೆ ಹೊಡೆಯುವುದು, ಕತ್ತಿಯಿಂದ ಕಚ್ಚು ಹಾಕುವುದು ಹಳೆಯ ರೂಢಿ. ಗಾಯವಾದ ಮರ ಹೆದರಿ ಹೂ ಬಿಟ್ಟ ಉದಾಹರಣೆ ಹೇಳುವವರು ಇದ್ದಾರೆ. ಆದರೆ ಅದೇ ಗಾಯದಲ್ಲಿ ಕಾಂಡ ಕೊರೆಯುವ ಹುಳ, ಶಿಲೀಂಧ್ರ ಒಳಗೆ ಹೋಗುತ್ತವೆ. ನಾನಂತೂ ಮಾಡಿ ಅನ್ನುವುದಿಲ್ಲ.

ಮಿಡಿಗಳೆಲ್ಲ ಕಪ್ಪಾಗಿ, ಬೂಸ್ಟು ಹಿಡಿದು ಉದುರುತ್ತಿವೆ. ಏನು ಸಿಂಪಡಿಸಲಿ?

ಅತ್ಯಂತ ಜಾಸ್ತಿ ಬರುವ ಪ್ರಶ್ನೆ ಇದು. ಉತ್ತರ ಹೆಚ್ಚಾಗಿ ಒಂದೇ: ಉದುರುತ್ತಿರುವುದು ಕಾಯಿಯೇ ಅಲ್ಲ, ಗಂಡು ಹೂ.

ಹಲಸಿನಲ್ಲಿ ಒಂದೇ ಮರದಲ್ಲಿ ಗಂಡು ಹೂಗೊಂಚಲು, ಹೆಣ್ಣು ಹೂಗೊಂಚಲು ಬೇರೆ ಬೇರೆ ಬರುತ್ತವೆ. ಎರಡೂ ನೋಡಲು ಎಳೆ ಮಿಡಿಯ ಹಾಗೆಯೇ. ಗಂಡು ಮೊದಲು ಬರುತ್ತದೆ. ಮೊದಲ ಸಲ ಹೂ ಬಿಟ್ಟ ಮರದಲ್ಲಿ ಬರೀ ಗಂಡೇ ಬಂದು ಹೋಗುವುದೂ ಉಂಟು. ಪರಾಗ ಚೆಲ್ಲಿದ ಮೇಲೆ ಅದರ ಕೆಲಸ ಮುಗಿಯಿತು. ಕಪ್ಪಾಗುತ್ತದೆ, ಬೂದು ಬೂಸ್ಟು ಬರುತ್ತದೆ, ಬೀಳುತ್ತದೆ.

ಗುರುತಿಸುವುದು ಹೀಗೆ. ಗಂಡು ಸಣಕಲು, ಮೈ ನುಣುಪು, ತೊಟ್ಟು ತೆಳ್ಳಗೆ, ಹೆಚ್ಚಾಗಿ ರೆಂಬೆಗಳ ತುದಿಯ ಕಡೆ. ಅರಳಿದಾಗ ಬೆರಳಿಂದ ಸವರಿದರೆ ಹಳದಿ ಪುಡಿ ಅಂಟುತ್ತದೆ, ಹತ್ತಿರ ಹೋದರೆ ಸಿಹಿ ವಾಸನೆ. ಹೆಣ್ಣು ದಪ್ಪ, ಮೈ ಒರಟು, ಕಾಂಡ ಅಥವಾ ದಪ್ಪ ಕೊಂಬೆಯ ಮೇಲೆ. ತೊಟ್ಟು ಗಟ್ಟಿ. ತೊಟ್ಟು ಮಿಡಿಗೆ ಸೇರುವ ಕಡೆ ಬಳೆ ತೊಡಿಸಿದ ಹಾಗೆ ಒಂದು ಹಸಿರು ಉಂಗುರ ಎದ್ದು ಕಾಣುತ್ತದೆ. ಒಮ್ಮೆ ಆ ಉಂಗುರ ನೋಡಿದವರು ಮತ್ತೆ ಗಾಬರಿಯಾಗುವುದಿಲ್ಲ.

ಈಗ ನಿಜವಾದ ರೋಗ. ಉಂಗುರ ಇರುವ ಮಿಡಿ, ನಿಂಬೆಗಾತ್ರದಿಂದ ತೆಂಗಿನಕಾಯಿ ಗಾತ್ರದವರೆಗಿನದು, ಕಪ್ಪಾಗಿ ಕೊಳೆಯುತ್ತಿದ್ದರೆ ಅದು ಕಾಯಿಕೊಳೆ. ರೈಜೋಪಸ್ ಅನ್ನುವ ಶಿಲೀಂಧ್ರದ್ದು. ಬಿದ್ದ ಗಂಡು ಹೂಗಳ ಮೇಲೆ ಅದು ಬೆಳೆದು ಹೆಣ್ಣಿಗೆ ಹಬ್ಬುತ್ತದೆ. ಹಾಗಾಗಿ ಮೊದಲ ಮದ್ದು ಪೊರಕೆ: ಬಿದ್ದದ್ದು, ಮರದಲ್ಲೇ ಜೋತಾಡುವ ಕೊಳೆತದ್ದು ಎಲ್ಲ ಆರಿಸಿ ಹೂಳಿ. ಆಮೇಲೆ ಶೇಕಡಾ 1ರ ಬೋರ್ಡೋ ದ್ರಾವಣ.

ಮನೆಯಲ್ಲೇ ಮಾಡಬಹುದು. ಒಂದು ಪ್ಲಾಸ್ಟಿಕ್ ಬಕೆಟಿನ ಐದು ಲೀಟರ್ ನೀರಲ್ಲಿ 100 ಗ್ರಾಂ ಮೈಲುತುತ್ತು ಕರಗಿಸಿ. ಇನ್ನೊಂದರಲ್ಲಿ ಐದು ಲೀಟರಿಗೆ 100 ಗ್ರಾಂ ಸುಣ್ಣ ಕದಡಿ ಸೋಸಿ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಿಂದ ತಿರುಗಿಸಿ. ತಿಳಿನೀಲಿ ಬಣ್ಣ ಬರುತ್ತದೆ. ಹೊಳೆಯುವ ಕಬ್ಬಿಣದ ಚಾಕು ಅಥವಾ ಬ್ಲೇಡನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅದರ ಮೇಲೆ ಕೆಂಪು ತಾಮ್ರ ಹಿಡಿದರೆ ಇನ್ನಷ್ಟು ಸುಣ್ಣದ ನೀರು ಹಾಕಿ, ಹಿಡಿಯದಿದ್ದರೆ ಸರಿಯಾಗಿದೆ. ಅದೇ ದಿನ ಮುಗಿಸಿ. ಲೋಹದ ಪಾತ್ರೆ ಬೇಡ, ಕೈಗೆ ಗ್ಲೋವ್ಸ್ ಇರಲಿ. ಇಷ್ಟು ಉಸಾಬರಿ ಬೇಡ ಅನ್ನುವವರು ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಹೊಡೆಯಬಹುದು.

ಒಂದೇ ಮರ ಇದ್ದರೆ ಕಾಯಿ ಕಟ್ಟುತ್ತದಾ?

ಕಟ್ಟುತ್ತದೆ, ಗಂಡು ಹೆಣ್ಣು ಎರಡೂ ಅದರಲ್ಲೇ ಇವೆ. ಕಾಯಿ ಸೊಟ್ಟಗಾಗಿ ಒಂದು ಕಡೆ ಗುಳಿಬಿದ್ದರೆ ಆ ಭಾಗಕ್ಕೆ ಪರಾಗ ಮುಟ್ಟಿಲ್ಲ ಅಂತ ಅರ್ಥ. ಅರಳಿದ ಗಂಡು ಹೂ ಕಿತ್ತು ಬೆಳಗಿನ ಹೊತ್ತು ಹೆಣ್ಣಿನ ಮೈಗೆಲ್ಲ ಸವರಿ ನೋಡಿ.

ಒಂದೇ ತೊಟ್ಟಿನಲ್ಲಿ ನಾಲ್ಕೈದು ಕಾಯಿ ಬಂದಿವೆ. ಕೀಳಬೇಕಾ?

ಕೀಳಿ, ಒಂದೇ ಬಿಡಿ. ಎಳೆ ಮರವಾದರೆ ಇಡೀ ಮರಕ್ಕೆ ಮೂರ್ನಾಲ್ಕು ಸಾಕು. ಕಿತ್ತದ್ದೇನೂ ದಂಡವಲ್ಲ. ಕರಾವಳಿಯವರಿಗೆ ಗುಜ್ಜೆ (ಎಳೆ ಹಲಸಿನಕಾಯಿ) ಪಲ್ಯ ಅಂದರೆ ಹಣ್ಣಿಗಿಂತ ಮೇಲು. ಒಂದಕ್ಕೊಂದು ತಾಗಿಕೊಂಡ ಕಾಯಿಗಳ ಸಂದಿಯಲ್ಲೇ ಕಾಯಿಕೊರಕ ಹುಳ ಮನೆ ಮಾಡುವುದು, ಆ ಕಾಟವೂ ತಪ್ಪುತ್ತದೆ.

ಹುಳಗಳ ಕಾಟ?

ಕಾಯಿಕೊರಕ ಹೊಕ್ಕ ಕಡೆ ಕಂದು ಹಿಕ್ಕೆ, ಬಲೆ ಕಾಣುತ್ತದೆ. ಅಂಥ ಕಾಯಿ, ಚಿಗುರು ಕಿತ್ತು ನಾಶ ಮಾಡಿ. ಉಳಿದ ಕಾಯಿಗೆ ಹಳೆಯ ಗೋಣಿ ಅಥವಾ ಬಲೆಯ ಚೀಲ ಕಟ್ಟಿ, ಪ್ಲಾಸ್ಟಿಕ್ ಕವರ್ ಬೇಡ, ಒಳಗೆ ಬೆವರಿ ಕೊಳೆಯುತ್ತದೆ. ಕಾಂಡದಲ್ಲಿ ತೂತು, ಅದರ ಕೆಳಗೆ ಮರದ ಹುಡಿ ಕಂಡರೆ ಕಾಂಡಕೊರಕ. ತಂತಿ ತೂರಿಸಿ ಹುಳ ಚುಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಮಣ್ಣು ಮೆತ್ತಿ. ಬಿಳಿ ಹಿಟ್ಟು ತಿಗಣೆಗೆ ಜೋರು ನೀರು, ಬೇವಿನ ಎಣ್ಣೆ ಸಾಕು.

ಬಲಿತಿದೆ ಅಂತ ಹೇಗೆ ತಿಳಿಯುವುದು?

ಹೂವಿನಿಂದ ಕೊಯ್ಲಿಗೆ ಮೂರರಿಂದ ಐದು ತಿಂಗಳು, ತಳಿಯ ಮೇಲೆ ಹೋಗುತ್ತದೆ. ಕೈಗಳಿಗೆ ಗೊತ್ತಾಗುವ ಗುರುತು ಇದಕ್ಕಿಂತ ಖಾತ್ರಿ. ಮುಳ್ಳು ಚೂಪು ಕಳೆದುಕೊಂಡು ಚಪ್ಪಟೆಯಾಗಿ, ಒಂದರಿಂದ ಒಂದು ದೂರ ಸರಿದಿರುತ್ತವೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಎಳೆಯದು ಟಣ್ ಅನ್ನುತ್ತದೆ, ಬಲಿತದ್ದು ಡಬ್ ಅನ್ನುತ್ತದೆ. ತೊಟ್ಟಿನ ಹತ್ತಿರದ ಎಲೆ ಹಳದಿಯಾಗುತ್ತದೆ. ಹಸಿರು ಮೈ ಮಂಕಾಗಿ ಹಳದಿಗೆ ತಿರುಗುತ್ತದೆ. ಘಮ ಬರುವವರೆಗೆ ಮರದಲ್ಲಿ ಬಿಟ್ಟರೆ ಅಳಿಲು, ಬಾವಲಿ ನಿಮಗಿಂತ ಮೊದಲು ಬರುತ್ತವೆ. ಡಬ್ ಅಂದ ತಕ್ಷಣ ಇಳಿಸಿ, ಗೋಣಿ ಸುತ್ತಿ ಒಳಗಿಡಿ. ಮೂರರಿಂದ ಏಳು ದಿನದಲ್ಲಿ ಹಣ್ಣಾಗುತ್ತದೆ.

ಮೇಣದ ರಗಳೆಗೆ ಏನು ದಾರಿ?

ತೊಟ್ಟು ಉದ್ದ ಬಿಟ್ಟು ಕೊಯ್ಯಿರಿ. ದೊಡ್ಡ ಹಣ್ಣಿಗೆ ಮೊದಲು ಹಗ್ಗ ಕಟ್ಟಿ ಆಮೇಲೆ ಕತ್ತಿ ಹಾಕಿ, ನೆಲಕ್ಕೆ ಬಿದ್ದರೆ ಒಳಗೆ ಕೊಳೆಯುತ್ತದೆ. ತೊಟ್ಟು ಕೆಳಗೆ ಮಾಡಿ ಅರ್ಧ ಗಂಟೆ ಒರಗಿಸಿದರೆ ಮೇಣ ಸಾಕಷ್ಟು ಸೋರಿಹೋಗುತ್ತದೆ. ಬಿಡಿಸುವಾಗ ಕೈಗೆ, ಕತ್ತಿಗೆ ತೆಂಗಿನೆಣ್ಣೆ. ನಡುವಿನ ದಿಂಡಿನಿಂದ ಬರುವ ಮೇಣವನ್ನು ಹಳೆಯ ಪೇಪರಿನಲ್ಲಿ ಒತ್ತಿ ಒರೆಸಿ. ನೀರು ಸೋಕಿಸಿದರೆ ಕೆಟ್ಟಿತು. ಆಮೇಲೆ ಅಂಟಿದ್ದನ್ನು ಎಣ್ಣೆಯಲ್ಲೇ ಉಜ್ಜಿ ತೆಗೆದು ಕೊನೆಗೆ ಸೋಪು.

ಈ ವರ್ಷ ಹಣ್ಣು ಸಪ್ಪೆ, ನೀರು ನೀರು. ಮರ ಕೆಟ್ಟಿತಾ?

ಇಲ್ಲ, ಮಳೆಗೆ ಸಿಕ್ಕಿದೆ. ಏಪ್ರಿಲ್-ಮೇ ತಿಂಗಳ ಹಣ್ಣಿನ ಸಿಹಿ ಜುಲೈ ಹಣ್ಣಿಗೆ ಇರುವುದಿಲ್ಲ. ಒಣ ಬೇಸಿಗೆಯ ನಂತರ ಒಮ್ಮೆಲೇ ಜೋರು ಮಳೆ ಬಂದರೆ ಹಣ್ಣು ಬಿರಿಯುವುದೂ ಉಂಟು.

ಕೋತಿ, ಆನೆ?

ಕೋತಿಗೆ ಮುಳ್ಳುತಂತಿ ಸುತ್ತಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬೇಗ ಇಳಿಸುವುದೊಂದೇ ದಾರಿ. ಕೊಡಗು, ಸಕಲೇಶಪುರದ ಕಡೆ ಕಾಡಂಚಿನ ಮನೆಯವರಿಗೆ ಇದು ತಮಾಷೆಯ ಮಾತಲ್ಲ. ಹಲಸಿನ ವಾಸನೆಗೆ ಆನೆಗಳು ತೋಟಕ್ಕೆ ಬರುತ್ತವೆ. ಅಲ್ಲಿ ಮನೆಯ ಪಕ್ಕ ಹೊಸದಾಗಿ ಹಲಸು ಹಾಕಬೇಡಿ. ಇರುವ ಮರದ ಕಾಯಿಯನ್ನು ಗುಜ್ಜೆಯಲ್ಲೇ ಇಳಿಸಿ.

ಬುಡದಲ್ಲಿ ನೆಲ ಬಿರುಕು ಬಿಟ್ಟು ಹಣ್ಣಿನ ವಾಸನೆ ಬರುತ್ತಿದೆ!

ಅಗೆದು ನೋಡಿ, ಹಣ್ಣೇ ಇರುತ್ತದೆ. ವಯಸ್ಸಾದ ಕೆಲವು ಮರಗಳು ಬೇರಿನಲ್ಲೂ ಕಾಯಿ ಬಿಡುತ್ತವೆ. ಕೊಳೆತಿರದಿದ್ದರೆ ತಿನ್ನಲು ಅಡ್ಡಿಯಿಲ್ಲ.

ಸಕ್ಕರೆ ಕಾಯಿಲೆಯವರು ತಿನ್ನಬಹುದಾ?

ಹಣ್ಣು ಸಿಹಿಯೇ, ಅದನ್ನು ಮರೆಯಬೇಡಿ. ಒಂದೆರಡು ತೊಳೆಯ ಮಾತು ಬೇರೆ, ಬುಟ್ಟಿ ಮುಂದಿಟ್ಟುಕೊಂಡು ಕೂರುವುದು ಬೇರೆ. ಎಳೆ ಕಾಯಿಯ ಪಲ್ಯಕ್ಕೆ ಅಷ್ಟು ಭಯವಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಪೊಟ್ಯಾಸಿಯಂ ಕಾರಣಕ್ಕೆ ಡಾಕ್ಟರನ್ನು ಕೇಳಿಯೇ ತಿನ್ನಬೇಕು. ಉಳಿದವರಿಗೆ ಹಿರಿಯರ ಮಾತಿದೆಯಲ್ಲ, ಹಸಿದು ಹಲಸು, ಉಂಡು ಮಾವು.

ನಾವು ವಿದೇಶದಲ್ಲಿದ್ದೇವೆ. ಊರಿನ ಬೀಜ ತಂದು ಹಾಕಬಹುದಾ?

ಬೀಜ, ಗಿಡ ಚೀಲದಲ್ಲಿಟ್ಟು ವಿಮಾನ ಹತ್ತಬೇಡಿ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಸಸ್ಯ ತಪಾಸಣೆ ಬಿಗಿ, ದಂಡ ಬೀಳುತ್ತದೆ. ದಕ್ಷಿಣ ಫ್ಲೋರಿಡಾ, ಹವಾಯಿ, ಉತ್ತರ ಆಸ್ಟ್ರೇಲಿಯಾದಲ್ಲಿ ಹಲಸು ಹೊರಗೇ ಬೆಳೆಯುತ್ತದೆ, ಅಲ್ಲಿನ ನರ್ಸರಿಗಳಲ್ಲೇ ಕಸಿ ಸಿಗುತ್ತದೆ. ಹಿಮ ಬೀಳುವ ಊರಿನಲ್ಲಿ ಬಿಸಿ ಮಾಡಿದ ಗಾಜಿನ ಮನೆ ಇಲ್ಲದೆ ಸಾಧ್ಯವಿಲ್ಲ. ಎಳೆ ಗಿಡ ಸೊನ್ನೆ ಡಿಗ್ರಿಯ ಹತ್ತಿರ ಹೋದರೇ ಸುಟ್ಟುಹೋಗುತ್ತದೆ.

ಹಿತ್ತಲಲ್ಲಿ ದೊಡ್ಡ ಹಳೆಯ ಮರ ಇದೆ, ಹಣ್ಣು ಯಾರೂ ತಿನ್ನುವುದಿಲ್ಲ. ಕಡಿಸಿಬಿಡಲಾ?

ಮರ ಗಟ್ಟಿಯಾಗಿದ್ದರೆ ತಳಿ ಬದಲಿಸಬಹುದು. ಆಳೆತ್ತರಕ್ಕೆ ತಲೆ ಕಡಿಸಿದರೆ ಹೊಸ ಚಿಗುರುಗಳು ಏಳುತ್ತವೆ. ಅವುಗಳಲ್ಲಿ ಗಟ್ಟಿಯಾದ ನಾಲ್ಕೈದನ್ನು ಉಳಿಸಿ, ಪೆನ್ಸಿಲ್ ದಪ್ಪ ಆದಾಗ ಸಿದ್ದು ಅಥವಾ ನಿಮಗೆ ಬೇಕಾದ ಮರದ ಕಡ್ಡಿ ತಂದು ಕಸಿ ಕಟ್ಟಿಸಿ. ಬೇರು ಹಳೆಯದಾದ್ದರಿಂದ ಹೊಸ ಗಿಡಕ್ಕಿಂತ ಬೇಗ ಫಲ ಬರುತ್ತದೆ. ಕಸಿ ಕಟ್ಟುವವರನ್ನು ತಾಲ್ಲೂಕಿನ ತೋಟಗಾರಿಕೆ ಕಚೇರಿಯಲ್ಲಿ ಕೇಳಿದರೆ ತೋರಿಸುತ್ತಾರೆ.

ಕಡಿಸಲೇಬೇಕು ಅಂತಾದರೆ ಮೊದಲು ಅರಣ್ಯ ಇಲಾಖೆಯಲ್ಲಿ, ಬೆಂಗಳೂರಿನಲ್ಲಾದರೆ ಮರ ಅಧಿಕಾರಿಯ ಹತ್ತಿರ ಅನುಮತಿ ವಿಚಾರಿಸಿ. ದಿಮ್ಮಿಯನ್ನು ಸೌದೆಯವನಿಗೆ ಕೊಡಬೇಡಿ. ವೀಣೆ, ಮೃದಂಗ ಮಾಡುವವರು ಹುಡುಕುವ ಮರ ಅದು. ಬಾಗಿಲು, ಕಿಟಕಿಗೂ ತೇಗದ ನಂತರ ನಮ್ಮ ಕಡೆ ಕೇಳುವುದು ಹಲಸನ್ನೇ.